ಬಾಯೊಳಗಿನ ಕಲ್ಲು

ನಮ್ಮೂರ ಹೊಳೆಯ ಮೇಲೆ ಆಡಿದ ಮಾತು, ಆಡಿದವರಿಗಿಂತ ಮೊದಲೇ ಕೆಳಗಿನ ಮೆಟ್ಟಿಲು ಸೇರುತ್ತದೆ. ಅದೇ ದನಿ, ಅದೇ ಏರಿಳಿತ, ನಡುವೆ ಕೆಮ್ಮಿದ್ದರೆ ಕೆಮ್ಮಿನ ಸಮೇತ. ಮೇಲೆಲ್ಲೋ ಲಾಂಚಿನಲ್ಲಿ ಗಂಡ ಹೆಂಡತಿಯನ್ನು ಬೈದರೆ ನಮ್ಮೂರ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಅವನು ಇಳಿಯುವಾಗ ಮುಖ ನೋಡುತ್ತಾರೆ. ನಮ್ಮದು ಹೊಳೆಯ ಕೊನೆಯ ಊರಾದ್ದರಿಂದ ಎಲ್ಲರ ಮಾತೂ ಇಲ್ಲಿಗೇ ಬಂದು ಬೀಳಬೇಕು. ಅದಕ್ಕೇ ಲಾಂಚು ಹತ್ತುವಾಗ ಟಿಕೆಟ್ಟಿನ ಜೊತೆ ಒಂದು ನುಣುಪು ಕಲ್ಲು ಕೊಡುತ್ತಾರೆ. ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ಇಳಿಯುವಾಗ ತೊಳೆದು ಬುಟ್ಟಿಗೆ ಹಾಕಬೇಕು. ಹೇಳಲೇಬೇಕಾದ್ದು ಇದ್ದರೆ ಸ್ಲೇಟು, ಬಳಪ.

ಇನ್ನೊಂದು ಮಾತು. ಹೊಳೆಯ ಮೇಲೆ ಸುಳ್ಳು ಹೇಳಿದವರು ನಮ್ಮೂರಲ್ಲಿ ಇರಲಿಲ್ಲ. ಬದುವಿನ ಜಗಳವಿರಲಿ, ಯಾರ ಮೇಲಾದರೂ ಬಂದ ಅಪವಾದವಿರಲಿ, ಅವರನ್ನು ದೋಣಿಯಲ್ಲಿ ಕೂರಿಸಿ ನಡುನೀರಿಗೆ ಕಳಿಸುತ್ತಿದ್ದರು. ಅಲ್ಲಿ ಕಲ್ಲು ತೆಗೆದು ಹೇಳಬೇಕು. ಮೆಟ್ಟಿಲಿಗೆ ಬಂದ ಮಾತೇ ತೀರ್ಪು. ಹಾಗೆ ನಂಬಿಕೊಂಡೇ ನಾವು ಹುಟ್ಟಿದೆವು, ಮದುವೆಯಾದೆವು, ಮನೆ ಕಟ್ಟಿಕೊಂಡೆವು.

ನನ್ನ ಹೆಸರು ಚನ್ನಾಜಮ್ಮ. ಟೇಲರ್ ಪಂಚಾಕ್ಷರಿಯವರ ಹೆಂಡತಿ. ಅಕ್ಷರ ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ಎಸ್ತರ್ ಮೇಡಂ ನಡೆಸುತ್ತಿದ್ದ ರಾತ್ರಿಶಾಲೆಯಲ್ಲಿ. ನನ್ನ ಪಕ್ಕದ ಚಾಪೆಯಲ್ಲಿ ಕೂರುತ್ತಿದ್ದವಳು ರುದ್ರಾಣಿ, ಅಕ್ಕಿ ಗಿರಣಿ ಮನೆಯ ಸೊಸೆ. ಅವರ ಮನೆ ಮೆಟ್ಟಿಲ ನೆತ್ತಿಯ ಮೇಲೇ ಇದೆ. ಒಂದು ದಿನ ಅವಳ ಮುಂಗೈ ಮೇಲೆ ಕಪ್ಪು ಕಂಡು ಏನಮ್ಮಾ ಅದು ಅಂದೆ. "ಪಾತ್ರೆ ಮಸಿ ಅಕ್ಕ" ಅಂದಳು. ಮಸಿ ಅಲ್ಲ ಅಂತ ನನಗೂ ಗೊತ್ತಿತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ಇಬ್ಬರೂ ಕಾಗುಣಿತ ಬರೆದೆವು. ಆಮೇಲೆ ಅವಳು ಶಾಲೆ ಬಿಟ್ಟಳು, ಬಿಡಿಸಿದರು ಅನ್ನಬೇಕು. ಆಮೇಲೊಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಮಾತ್ರ ಇತ್ತು. ಹೊಳೆಗೆ ಹಾರಿದಳು ಅಂದರು. ನಾಲ್ಕು ವರ್ಷದ ಮಗಳು ನೀಲಾಂಬಿಕೆ ಗಿರಣಿ ಮನೆಯಲ್ಲೇ ಉಳಿದಳು. ರುದ್ರಾಣಿಯ ಗಂಡ ಗುರುಪಾದ ಸೂತಕ ಕಳೆದು ಊರಿಗೆಲ್ಲ ಊಟ ಹಾಕಿಸಿದ. ಆ ಊಟ ನಾನೂ ಉಂಡಿದ್ದೇನೆ, ಪಾಯಸ ಎರಡು ಸಲ ಹಾಕಿಸಿಕೊಂಡಿದ್ದೇನೆ.

ಇದಾಗಿ ಏಳು ವರ್ಷಕ್ಕೆ ನಮ್ಮ ಯಜಮಾನರಿಗೆ ಅರವತ್ತು ತುಂಬಿತು. ಅಂಗಡಿಗೆ ಬೀಗ ಹಾಕಿ ಐದು ದಿನದ ಹೊಳೆ ಪ್ರವಾಸಕ್ಕೆ ಹೊರಟೆವು. ಲಾಂಚು ಮೇಲಿನ ಜಲಪಾತದವರೆಗೂ ಹೋಗಿ ತಿರುಗುತ್ತದೆ. ಬರುವಾಗ ನಮ್ಮೂರಲ್ಲಿ ಒಂದು ಗಳಿಗೆ ನಿಂತು, ಬಸ್ಸಿನ ರಸ್ತೆ ಇರುವ ಆಚೆ ದಡಕ್ಕೆ ಹೋಗಿ ಪ್ರವಾಸ ಮುಗಿಸುತ್ತದೆ. ಊಟಕ್ಕೂ ಮಲಗುವುದಕ್ಕೂ ದಡಕ್ಕೆ ಹಚ್ಚುತ್ತಾರೆ.

ನಲವತ್ತು ವರ್ಷ ಗಿರಾಕಿಗಳ ಜೊತೆ ಮಾತಾಡಿಕೊಂಡೇ ಬಟ್ಟೆ ಹೊಲಿದ ಮನುಷ್ಯ ಬಾಯಲ್ಲಿ ಕಲ್ಲಿಟ್ಟುಕೊಂಡು ಕೂರುವುದು ಅಂದರೆ ಏನು ಅಂತ ನಾನು ಕಣ್ಣಾರೆ ನೋಡಿದೆ. ಓದುಬರಹವೂ ಅಷ್ಟಕ್ಕಷ್ಟೆ, ಅಳತೆಯ ಅಂಕಿ ಮತ್ತು ಗಿರಾಕಿಗಳ ಹೆಸರು ಬರೆಯುವಷ್ಟು. ಸ್ಲೇಟಿನ ಮೇಲೆ ಎದುರಿಗಿದ್ದವರ ಕಾಲರು, ತೋಳು, ಗುಂಡಿ ಬರೆದು ಬರೆದು ನನಗೆ ತೋರಿಸುವುದು, ಹುಬ್ಬು ಹಾರಿಸುವುದು. ದಡ ಮುಟ್ಟಿದ ಕೂಡಲೇ ಕಲ್ಲು ತೆಗೆದು ಶುರು.

"ಆ ಎರಡು ಕೊಡೆ ಹಿಡ್ಕೊಂಡು ಬಂದಿರೋರು ಇದಾರಲ್ಲ, ಅವರ ಹೆಂಡತಿ ತೀರಿಕೊಂಡಿದ್ದಾರೆ ಕಣೇ."

"ನಿಮ್ಮ ಕಿವಿಗೆ ಬಂದು ಹೇಳಿದ್ರಾ?"

"ಅಂಗಿ ಗುಂಡಿ ನೋಡು. ಒಂದಕ್ಕೆ ಕರೀ ದಾರ, ಒಂದಕ್ಕೆ ಹಸಿರು. ಅವರೇ ಹಾಕ್ಕೊಂಡಿರೋದು. ಆ ಇನ್ನೊಂದು ಕೊಡೆ ಸಣ್ಣದು, ಹೆಂಗಸರದು. ಮನೇಲಿ ಬಿಟ್ಟು ಬರೋಕೆ ಮನಸ್ಸು ಬಂದಿಲ್ಲ."

ನಾನು ನಂಬಲಿಲ್ಲ. ಎಲೆಯ ಮುಂದೆ ಕೂತಾಗ ಅವರನ್ನೇ ಕೇಳಿಬಿಟ್ಟೆ. ಹೌದು ತಾಯಿ, ಯುಗಾದಿಗೆ ಒಂದು ವರ್ಷ ಆಗುತ್ತೆ ಅಂದರು. ನಾನು ಕಲಸಿದ ತುತ್ತು ಎಲೆಯಲ್ಲೇ ಬಿಟ್ಟೆ. ಯಜಮಾನರು ಮಾತ್ರ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಅವತ್ತಿನಿಂದ ನನಗೂ ಅದೇ ಚಪಲ ಹತ್ತಿತು.

ನಾಲ್ಕನೆಯ ದಿನ, ತಿರುಗಿ ಬರುವಾಗ, ಮೇಲಿನೂರೊಂದರಲ್ಲಿ ಒಬ್ಬ ಹೆಂಗಸು ಹತ್ತಿದಳು. ಕೂದಲು ಗಂಡಸರಂತೆ ಕತ್ತರಿಸಿತ್ತು, ಒಂದು ಕೆನ್ನೆ ಸುಟ್ಟು ಸುಕ್ಕಾಗಿತ್ತು, ಮುಂದಿನ ಹಲ್ಲು ಎರಡು ಇರಲಿಲ್ಲ. ತಲೆಯಿಂದ ಸೊಂಟದವರೆಗೆ ಸೆರಗು ಹೊದ್ದು ಮೂಲೆಯಲ್ಲಿ ಕೂತವಳು ಊಟಕ್ಕೂ ದಡಕ್ಕೆ ಇಳಿಯಲಿಲ್ಲ.

"ಯಾರಿರಬಹುದ್ರೀ?" ಅಂದೆ ದಡದಲ್ಲಿ.

"ಬರೀ ಸೆರಗು ನೋಡಿ ಏನು ಹೇಳ್ಲಿ? ಹೊಲಿಗೆ ಒಂದೂ ಕಾಣಿಸ್ತಿಲ್ಲ. ರವಿಕೆ ಒಂದು ಕೈಗೆ ಸಿಕ್ಕರೆ ಜಾತಕಾನೇ ಹೇಳ್ತೀನಿ."

"ಅರವತ್ತಾಯ್ತು, ಪರಹೆಂಗಸಿನ ರವಿಕೆ ಬೇಕಂತೆ."

"ಲೇ, ನನ್ನ ಹೊಟ್ಟೆಪಾಡೇ ಅದು."

ಇಬ್ಬರೂ ನಕ್ಕೆವು.

ಐದನೆಯ ದಿನ ಮಧ್ಯಾಹ್ನ, ನಮ್ಮೂರು ಇನ್ನೊಂದು ತಾಸಿದೆ ಅನ್ನುವಾಗ, ಅವಳು ನೀರು ಕುಡಿಯಲು ಎದ್ದಳು. ಬಾಗಿಲ ಚಿಲಕಕ್ಕೆ ತೋಳು ಸಿಕ್ಕಿ ರವಿಕೆ ಹರಿಯಿತು. ಯಜಮಾನರು ನನ್ನ ಮೊಣಕೈ ತಿವಿದರು. ನಾನು ಅವಳ ಪಕ್ಕ ಹೋಗಿ ಕೂತು, ನಮ್ಮವರು ಟೇಲರು, ಐದು ನಿಮಿಷದಲ್ಲಿ ಹೊಲಿದು ಕೊಡುತ್ತಾರೆ ಅಂತ ಕೈಸನ್ನೆಯಲ್ಲಿ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಸ್ಲೇಟಿನಲ್ಲಿ ಬರೆದು ತೋರಿಸಿದೆ, ಆಗಲೂ ಬೇಡ ಅಂದಳು. ನಾನು ಅಲ್ಲಿಂದ ಏಳಲಿಲ್ಲ. ನನ್ನ ತಾಳ್ಮೆ ಊರಿಗೇ ಗೊತ್ತು, ಗಂಟು ಬಿದ್ದ ದಾರವನ್ನು ನಾನು ಕತ್ತರಿಸಿದವಳಲ್ಲ. ಆ ತಾಳ್ಮೆಯನ್ನೆಲ್ಲ ಅವತ್ತು ಒಬ್ಬ ಬಡ ಹೆಂಗಸಿನ ಮೇಲೆ ಪ್ರಯೋಗಿಸಿದೆ. ಹರಿದ ತೋಳಿನಲ್ಲಿ ಊರೊಳಗೆ ಹೇಗೆ ಇಳಿಯುತ್ತೀಯ ಅನ್ನುವಂತೆ ನನ್ನ ಶಾಲು ಅವಳ ಮೈಮೇಲೆ ಹೊದೆಸಿದೆ. ಕೊನೆಗೆ ಅವಳು ಗೋಡೆಯ ಕಡೆ ತಿರುಗಿ ರವಿಕೆ ಬಿಚ್ಚಿ ಕೊಟ್ಟಳು. ಕೊಡುವಾಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಹಿಂದೆ ಎಲ್ಲಿಯೋ ನೋಡಿದ ಕಣ್ಣು ಅನ್ನಿಸಿತು. ಯಾವ ಕಣ್ಣು ಅಂತ ಹೊಳೆಯಲಿಲ್ಲ.

ಯಜಮಾನರು ಹರಿದದ್ದನ್ನು ಕೂಡಿಸಿ ಹೊಲಿದರು. ದಾರ ಕಡಿಯಬೇಕು. ಕತ್ತರಿ ಚೀಲದಲ್ಲೇ ಇತ್ತು, ಆದರೆ ಆ ಮನುಷ್ಯ ಹುಟ್ಟಾ ದಾರವನ್ನು ಹಲ್ಲಲ್ಲೇ ಕಡಿದವರು. ಕಲ್ಲನ್ನು ಅಂಗೈಗೆ ಉಗುಳಿಕೊಂಡರು, ದಾರ ಕಡಿದರು. ಆಮೇಲೆ ಅಭ್ಯಾಸದಂತೆ ರವಿಕೆಯನ್ನು ಒಳಮಗ್ಗುಲು ತಿರುಗಿಸಿ ನೋಡಿದರು. ಕಂಕುಳ ಪಟ್ಟಿಯಲ್ಲಿ ಅವರದೇ ಗುರುತು, ಕೆಂಪು ದಾರದ ಮೂರು ಹೊಲಿಗೆ, ಅದರ ಪಕ್ಕ ಬೆರಳುದ್ದದ ಒಂದು ಒಳಜೇಬು. ಕಲ್ಲು ಇನ್ನೂ ಅಂಗೈಯಲ್ಲೇ ಇತ್ತು.

"ಇದು ನಾನು ಹೊಲಿದದ್ದು" ಅಂದರು, ಜೋರಾಗಿ. "ಗಿರಣಿ ಮನೆ ಸೊಸೆ ರುದ್ರಾಣಿಗೆ ಒಳಜೇಬು ಇಟ್ಟು ನಾನೇ ಹೊಲಿದುಕೊಟ್ಟ ರವಿಕೆ. ಹಂಗಾದ್ರೆ ಅವಳು ಸತ್ತಿಲ್ಲ."

ಲಾಂಚಿನ ಎಂಜಿನ್ನು ಡಗಡಗ ಅನ್ನುತ್ತಲೇ ಇತ್ತು. ಎರಡು ಕೊಡೆಯವರು ಬಾಯಿ ಮುಚ್ಚಿಕೊಂಡರು, ತಾವೇ ಆಡಿದವರ ಹಾಗೆ. ಡ್ರೈವರು ತಿರುಗಿ ನೋಡಿದ. ಯಜಮಾನರಿಗೆ ತಾವು ಮಾಡಿದ್ದು ತಿಳಿದದ್ದು ಎಲ್ಲರ ಮುಖ ನೋಡಿದ ಮೇಲೆ. ಕಲ್ಲನ್ನು ಬಾಯಿಗೆ ಹಾಕಿಕೊಳ್ಳಲು ಹೋದರು, ಅದು ಜಾರಿ ಬಿತ್ತು. ಮಾತು ಹೋಗಿಯಾಗಿತ್ತು. ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಅದು ನಮ್ಮೂರ ಮೆಟ್ಟಿಲಲ್ಲಿ ಇರುತ್ತದೆ.

ಅವಳು ನನ್ನ ಸ್ಲೇಟನ್ನು ಕಿತ್ತುಕೊಂಡು ಬರೆದಳು. ಬಳಪ ಎರಡು ಸಲ ಮುರಿಯಿತು. "ನೀಲಾಂಬಿಕೆ ಮೆಟ್ಟಿಲಲ್ಲಿ ಕಾಯ್ತಿರ್ತಾಳೆ. ಎಸ್ತರ್ ಮೇಡಂ ಹೇಳಿದ್ದಾರೆ. ಲಾಂಚಿಗೆ ಹತ್ತಿಸಿಕೊಂಡು ಆಚೆ ದಡಕ್ಕೆ ಹೋಗಬೇಕು ಅಂತಿದ್ದೆ. ಅವರಿಗೆ ಗೊತ್ತಾದರೆ ಅವಳನ್ನ ಕೂಡಿಹಾಕ್ತಾರೆ. ನನ್ನನ್ನ ಬಿಡಲ್ಲ, ಅಕ್ಕ." ಆ ಅಕ್ಕ ಅನ್ನುವುದನ್ನು ಓದಿ ನಾನು ಮುಖ ಎತ್ತಿದೆ. ಪಕ್ಕದ ಚಾಪೆಯ ಹುಡುಗಿ. ಎರಡು ದಿನ ಎದುರಿಗೇ ಕೂತು ಅವಳ ಬಗ್ಗೆ ಏನೇನೋ ಊಹೆ ಕಟ್ಟಿದ್ದೆ, ಗುರುತು ಮಾತ್ರ ಹಿಡಿಯಲಿಲ್ಲ. ಅವಳು ನನ್ನನ್ನು ಮೊದಲ ದಿನವೇ ಗುರುತಿಸಿದ್ದಳು. ಸುಟ್ಟ ಕೆನ್ನೆ ಗಿರಣಿ ಮನೆಯಲ್ಲೇ ಸುಟ್ಟದ್ದು ಅಂತ ಕೇಳದೆಯೇ ತಿಳಿಯಿತು.

ಆಮೇಲೆ ನಾನು ಮಾಡಿದ್ದನ್ನು ಯೋಚನೆ ಮಾಡಿ ಮಾಡಿದೆ ಅಂತ ಹೇಳಿಕೊಳ್ಳುವುದಿಲ್ಲ. ಕೈ ತಾನಾಗಿ ಬಾಯಿಗೆ ಹೋಯಿತು, ಕಲ್ಲು ಮಡಿಲಿಗೆ ಬಿತ್ತು. ನನ್ನ ದನಿ ನನಗೇ ಕೇಳಿಸಿತು.

"ಸುಮ್ಮನಿರ್ರೀ, ಏನೂ ಗೊತ್ತಿಲ್ಲದೆ ಮಾತಾಡಬೇಡಿ. ರುದ್ರಾಣಿ ಸತ್ತಿದ್ದಾಳೆ. ಹೆಣ ತೇಲಿಹೋಗಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಅವಳು ಮೆಟ್ಟಿಲ ಮೇಲೆ ಬಿಟ್ಟ ಗಂಟನ್ನ ಎತ್ತಿಕೊಂಡು ಹೋದವಳು ನಾನೇ. ಈ ರವಿಕೆ ಅದರಲ್ಲೇ ಇತ್ತು. ಈ ಭಿಕ್ಷುಕಿಗೆ ಮೊನ್ನೆ ನಾನೇ ಕೊಟ್ಟೆ. ಅವಳ ಬಂಗಾರ ನಮ್ಮ ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿದೆ. ಊರಿಗೆ ಹೋದ ತಕ್ಷಣ ಅಗೆದು ಬೇರೆ ಕಡೆ ಸಾಗಿಸಬೇಕು. ಗಿರಣಿಯವರಿಗೆ ಗೊತ್ತಾದರೆ ಕಷ್ಟ."

ಹೊಳೆಯ ಮೇಲೆ ಸುಳ್ಳು. ನೀರು ಎರಡಾಗುತ್ತದೆ, ಲಾಂಚು ಮುಳುಗುತ್ತದೆ, ನಾಲಿಗೆ ಬಿದ್ದುಹೋಗುತ್ತದೆ, ಏನೋ ಒಂದು ಆಗೇ ಆಗುತ್ತದೆ ಅಂತ ಕಣ್ಣು ಮುಚ್ಚಿ ಕೂತೆ. ಏನೂ ಆಗಲಿಲ್ಲ. ಒಂದು ಕೊಕ್ಕರೆ ನೀರಿನ ಮೇಲೆ ಹಾರಿಹೋಯಿತು. ಏನೂ ಆಗಲಿಲ್ಲವಲ್ಲ ಅನ್ನುವುದೇ ನನಗೆ ಹೆಚ್ಚಿನ ದಿಗಿಲಾಯಿತು.

ಯಜಮಾನರು ನನ್ನನ್ನು ನೋಡುತ್ತಿದ್ದರು. ಅವರು ನಂಬಿದ್ದರು. ಎದುರಿಗೇ ರುದ್ರಾಣಿ ಕೂತಿದ್ದಾಳೆ, ಆದರೂ ನಂಬಿದರು, ಯಾಕೆಂದರೆ ನಾನು ಹೇಳಿದ್ದು ಹೊಳೆಯ ಮೇಲೆ. ನಲವತ್ತು ವರ್ಷ ಜೊತೆಗಿದ್ದ ಹೆಂಗಸು ಸತ್ತವಳ ಗಂಟು ಕದ್ದು, ಗಂಡನಿಗೆ ಹೇಳದೆ ಏಳು ವರ್ಷ ಅದೇ ಗಿಡದ ಕರಿಬೇವನ್ನು ಸಾರಿಗೆ ಹಾಕಿದ್ದಾಳೆ. ಅವರ ಮುಖದಲ್ಲಿ ಅದೆಲ್ಲ ಒಂದೊಂದಾಗಿ ಹಾದುಹೋಯಿತು. ನಾನು ಸ್ಲೇಟು ಒರೆಸಿ "ಸುಳ್ಳು" ಅಂತ ಬರೆದು ಹಿಡಿದೆ. ಅವರು ಬೆರಳಿಟ್ಟು ಕೂಡಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ರುದ್ರಾಣಿಯ ಕಡೆ ತಿರುಗಿದವರು, ರವಿಕೆಯನ್ನು ಮಡಚಿ ಎರಡು ಕೈಯಲ್ಲೂ ಅವಳಿಗೆ ಕೊಟ್ಟರು, ಹಬ್ಬದ ದಿನ ಗಿರಾಕಿಗೆ ಕೊಡುವ ಹಾಗೆ.

ಮೆಟ್ಟಿಲು ಕಂಡಿತು. ಲಾಂಚು ಬರುವ ಹೊತ್ತಿಗೆ ಅಲ್ಲಿ ಯಾವಾಗಲೂ ಐವತ್ತು ಜನ ಇರುತ್ತಾರೆ. ಅವತ್ತು ಒಗೆಯುವ ಕಲ್ಲಿನ ಮೇಲೆ ಬಟ್ಟೆಗಳು ಹಾಗೇ ಬಿದ್ದಿದ್ದವು, ಗಿರಣಿ ಮನೆಯ ಬಾಗಿಲು ಹಾರು ಹೊಡೆದಿತ್ತು, ಒಂದು ನರಪಿಳ್ಳೆಯೂ ಇಲ್ಲ. ಊರಿಗೆ ಊರೇ ನಮ್ಮ ಹಿತ್ತಲಲ್ಲಿತ್ತು. ಕೊನೆಯ ಮೆಟ್ಟಿಲಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು. ರುದ್ರಾಣಿ ಸೆರಗು ಸರಿಸಿ ಮುಖ ತೋರಿಸಿದಳು. ಹುಡುಗಿ ಹೆದರಿ ಒಂದು ಮೆಟ್ಟಿಲು ಹಿಂದೆ ಹತ್ತಿದಳು. ರುದ್ರಾಣಿ ಕರೆಯಲಿಲ್ಲ, ಕೈ ಚಾಚಿದಳು ಅಷ್ಟೆ. ಹುಡುಗಿ ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಕೊಡವನ್ನು ಸದ್ದಾಗದಂತೆ ಮೆಟ್ಟಿಲ ಮೇಲಿಟ್ಟು ಲಾಂಚು ಹತ್ತಿದಳು. ಡ್ರೈವರು ಅವಳಿಗೂ ಒಂದು ಕಲ್ಲು ಕೊಟ್ಟ. ಪದ್ಧತಿ.

ನಾವಿಬ್ಬರು ಇಳಿದೆವು. ಲಾಂಚು ಆಚೆ ದಡ ಮುಟ್ಟಿ ತಾಯಿ ಮಗಳು ರಸ್ತೆಗೆ ಹತ್ತುವವರೆಗೂ ನಿಂತು ನೋಡಿದೆವು. "ನಡಿ" ಅಂದರು ಯಜಮಾನರು. "ನಮ್ಮ ಮನೆಗೆ ನೆಂಟರು ಬಂದಿದ್ದಾರೆ."

ಕರಿಬೇವಿನ ಗಿಡ ಬೇರುಸಹಿತ ಮಲಗಿತ್ತು. ಹಿತ್ತಲು ಮುಗಿಸಿ ಅಡುಗೆಮನೆಯ ನೆಲಕ್ಕೆ ಹಾರೆ ಹಾಕಿದ್ದರು. ಗುರುಪಾದ ಮೊಣಕಾಲುದ್ದದ ಗುಂಡಿಯಲ್ಲಿ ನಿಂತು, "ಎಲ್ಲೇ ಬಂಗಾರ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಮುಂದೆ ಬಂದರು. "ಅವಳೊಬ್ಬಳನ್ನೇ ಯಾಕೆ ಕೇಳ್ತೀರಪ್ಪ? ಒಳಜೇಬು ಹೊಲಿದವನು ನಾನು. ಇಬ್ಬರೂ ಸೇರಿ ಕದ್ದು, ಇಬ್ಬರೂ ಸೇರಿ ತಿಂದಿದ್ದೀವಿ." ಹೊಳೆಯ ಮೇಲೆ ಹೇಳಿದ ಮಾತಲ್ಲ ಅದು, ನೆಲದ ಮೇಲಿನ ಮಾತು. ಆದರೂ ಎಲ್ಲರೂ ನಂಬಿದರು. ಯಜಮಾನರ ಹೊಲಿಗೆ ಯಂತ್ರವನ್ನು ಗಿರಣಿಯವರು ಹೊತ್ತುಕೊಂಡು ಹೋದರು. ಸಂಜೆ ನೀಲಾಂಬಿಕೆ ಇಲ್ಲ ಅಂತ ಗೊತ್ತಾದಾಗ ಊರೆಲ್ಲ ಹುಡುಕಿದರು. ಲಾಂಚಿನವರು ಬಾಯಿ ಬಿಡಲಿಲ್ಲ. ತಾಯಿ ಬಂದು ಕರೆದೊಯ್ದಿರಬಹುದು ಅಂತ ಒಬ್ಬರೂ ಅನ್ನಲಿಲ್ಲ. ಸತ್ತಿದ್ದಾಳೆ ಅಂತ ಹೊಳೆಯೇ ಹೇಳಿದ ಮೇಲೆ ಯಾರು ಅಂದಾರು?

ಅಲ್ಲಿಂದ ಹದಿಮೂರು ವರ್ಷ ನಾನು ಕಳ್ಳಿ. ನಾನು ಹೋದರೆ ಜಗಲಿಯ ಮೇಲಿನ ಲೋಟ ಒಳಗೆ ಹೋಗುತ್ತದೆ. ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಯಜಮಾನರಿಗೆ ಹೊಸ ಬಟ್ಟೆ ಹೊಲಿಯಲು ಯಾರೂ ಕೊಡಲಿಲ್ಲ, ಹರಿದ ಗೋಣಿಚೀಲ ಕೊಟ್ಟರು. ಅದನ್ನೂ ಅವರು ಹಬ್ಬದ ಬಟ್ಟೆಯ ಹಾಗೆ ಕೈಯಲ್ಲೇ ಹೊಲಿದರು. "ಚಪಲ ನನ್ನದು, ಶಿಕ್ಷೆ ನಿನಗೆ" ಅಂತ ಒಮ್ಮೆ ಅಂದರು. "ತಿವಿದವರು ನೀವು, ಹೋಗಿ ಕೂತವಳು ನಾನು" ಅಂದೆ. ನಾಲ್ಕು ವರ್ಷದ ಹಿಂದೆ ಅವರು ಹೋದರು. ಅವತ್ತು ಲಾಂಚಿನಲ್ಲಿ ಬಿದ್ದ ಕಲ್ಲನ್ನು ಅವರು ಬುಟ್ಟಿಗೆ ಹಾಕಿರಲಿಲ್ಲ. ಅವರ ಸೂಜಿ ಡಬ್ಬಿಯಲ್ಲಿ ಸಿಕ್ಕಿತು.

ಹೋದ ವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ಮೆಟ್ಟಿಲು ತುಂಬಾ ಜನ ಇದ್ದಾಗ, ಮೇಲಿನಿಂದ ಒಂದು ದನಿ ಬಂತು. ನಾನೂ ಅಲ್ಲೇ ಇದ್ದೆ, ಎಲ್ಲರಿಗಿಂತ ಕೆಳಗಿನ ಕಲ್ಲಿನಲ್ಲಿ, ನನಗೆ ಬಿಟ್ಟಿರುವ ಜಾಗದಲ್ಲಿ. "ನಾನು ನೀಲಾಂಬಿಕೆ, ಗಿರಣಿ ಗುರುಪಾದನ ಮಗಳು. ನನ್ನಮ್ಮ ರುದ್ರಾಣಿ ಈ ತಿಂಗಳು ತೀರಿಕೊಂಡಳು. ಹೊಳೆಗೆ ಬಿದ್ದಲ್ಲ, ಕಾಯಿಲೆಯಲ್ಲಿ, ತನ್ನ ಹಾಸಿಗೆಯ ಮೇಲೆ. ಚನ್ನಾಜಮ್ಮ ಕದ್ದಿಲ್ಲ. ಕದ್ದಿಲ್ಲ ಅಂತ ನೀರಿನ ಮೇಲೆ ಹೇಳು ಅಂತ ಅಮ್ಮ ಕೈಮೇಲೆ ಕೈ ಹಾಕಿಸಿಕೊಂಡಳು. ಹೇಳಿದ್ದೀನಿ." ಅಷ್ಟೆ. ಹಿಂದೆ ಬಂದ ಲಾಂಚಿನಲ್ಲಿ ಅವಳಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗುತ್ತಾರೆ, ಯಾರಾದರೂ ಒಬ್ಬರು ಕೈ ಹಿಡಿಯುತ್ತಾರೆ ಅಂದುಕೊಂಡೆ. ಮುದುಕಿಯ ಆಸೆ. ಅವರು ನೋಡಿದ್ದು ಹೊಳೆಯನ್ನು. ಒಬ್ಬೊಬ್ಬರ ಮುಖವೂ ಬಿಳಿಚಿತ್ತು. ಎರಡು ಮಾತೂ ಹೊಳೆಯವೇ, ಹಾಗಾದರೆ ಒಂದು ಸುಳ್ಳು. ಒಂದು ಸುಳ್ಳಾಗಬಹುದಾದರೆ ಮಿಕ್ಕವು? ಸಂಜೆಗೆ ಊರ ಯಜಮಾನರು ಕರಿಬಸಯ್ಯ ನಮ್ಮ ಮನೆಗೆ ಬಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ನೀರು ಕುಡಿದರು.

"ಚನ್ನಾಜಮ್ಮ, ನಿಮಗೆ ಅನ್ಯಾಯ ಆಗಿರಬಹುದು" ಅಂದರು. "ಆದರೆ ನಮ್ಮ ಊರಿನ ಅರ್ಧ ಬದು ನಿಂತಿರೋದು ಹೊಳೆ ಮಾತಿನ ಮೇಲೆ. ಇನ್ನೊಂದೇ ಒಂದು ಸಲ ನಡುನೀರಿಗೆ ಬಂದು, ಕದ್ದಿದ್ದು ನಾನೇ ಅನ್ನಿ. ಆ ಹುಡುಗಿ ಮಾತನ್ನ ಗಾಳಿ ಮಾತು ಅಂತೀವಿ. ನಿಮಗಾದರೆ ಅಭ್ಯಾಸ ಆಗಿದೆ."

ಅಭ್ಯಾಸ ಆಗಿದೆ ಅನ್ನುವ ಮಾತು ಹಾರೆಗಿಂತ ಆಳಕ್ಕೆ ಇಳಿಯಿತು. ಹೂಂ ಅಂದುಬಿಡೋಣ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಎಷ್ಟು ದಿನದ ಮಾತು ಇನ್ನು, ಕಳ್ಳಿಯಾಗಿಯೇ ಹೋದರಾಯಿತು.

ಅವರು ಹೋದ ಮೇಲೆ ಬಾಗಿಲಲ್ಲಿ ಸಣ್ಣಮ್ಮ ನಿಂತಿದ್ದಳು. ಇಪ್ಪತ್ತು ವರ್ಷದ ಹಿಂದೆ ಅವಳ ಗಂಡ ನಡುನೀರಿಗೆ ಹೋಗಿ, ಇವಳ ನಡತೆ ಸರಿಯಿಲ್ಲ, ಹೊಟ್ಟೆಯಲ್ಲಿರುವುದು ನನ್ನ ಮಗುವಲ್ಲ ಅಂದಿದ್ದ. ಅವತ್ತೇ ಅವಳನ್ನು ಮನೆಯಿಂದ ಹೊರಗೆ ಹಾಕಿದರು. ನನ್ನ ಮನೆಗೆ ಬರುತ್ತಿದ್ದವಳು ಅವಳೊಬ್ಬಳೇ. ಕಳ್ಳಿಗೆ ಜೊತೆ ಜಾರಿಣಿ ಅಂತ ಊರವರು ನಗುತ್ತಿದ್ದರು. ಅವಳು ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅಕ್ಕ, ಹಂಗಾದ್ರೆ ಹೊಳೆ ಮೇಲೆ ಸುಳ್ಳು ಹೇಳಬಹುದಾ?" ಅಂದಳು. "ಹೇಳಿದರೆ ಏನೂ ಆಗಲ್ವಾ?"

"ಏನೂ ಆಗಲ್ಲ ಕಣೇ" ಅಂದೆ. "ಒಂದು ಕೊಕ್ಕರೆ ಹಾರಿಹೋಗುತ್ತೆ."

ಅವಳು ಅಲ್ಲೇ ಹೊಸಲಿನ ಮೇಲೆ ಕೂತಳು. ಅಳಲಿಲ್ಲ. ಇಪ್ಪತ್ತು ವರ್ಷ ತನ್ನ ಮೇಲೆ ತನಗೇ ಅನುಮಾನ ಇತ್ತಂತೆ, ಹೊಳೆ ಹೇಳಿದ ಮೇಲೆ ತನಗೇ ಮರೆತುಹೋಗಿರಬಹುದಾ ಅಂತ. ಒಂದು ಹುಡುಗಿಯನ್ನು ಉಳಿಸಿದೆ ಅಂತ ಹದಿಮೂರು ವರ್ಷ ಒಳಗೊಳಗೇ ಬೀಗಿಕೊಂಡಿದ್ದೆ. ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ ಅನ್ನುವುದು ಈ ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಬಾಯಲ್ಲಿಟ್ಟುಕೊಂಡು ದಿನಾ ಇವಳಿಗೆ ಕಾಫಿ ಕೊಟ್ಟಿದ್ದೆ.

ನಾಳೆ ಬೆಳಿಗ್ಗೆ ನನ್ನನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ನಾನು ಹೋಗುತ್ತೇನೆ. ನಮ್ಮ ಯಜಮಾನರ ಕಲ್ಲನ್ನು ಬಾಯಲ್ಲಿಟ್ಟುಕೊಂಡು ನಡುನೀರಿನಲ್ಲಿ ಕೂರುತ್ತೇನೆ. ಊರವರು ಎಷ್ಟು ಹೊತ್ತು ಕಾದರೂ ತೆಗೆಯುವುದಿಲ್ಲ, ಕಾಯುವುದರಲ್ಲಿ ನನ್ನನ್ನು ಸೋಲಿಸುವವರು ಹುಟ್ಟಿಲ್ಲ. ಮೆಟ್ಟಿಲ ಮೇಲೆ, ನೆಲದ ಮೇಲೆ ನಿಂತು, ಈ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಸಣ್ಣಮ್ಮ ಓದುತ್ತಾಳೆ. ಅವಳಿಗೆ ಓದಲು ಬರುತ್ತದೆ. ನಾನೇ ಕಲಿಸಿದ್ದೇನೆ.